ಬಾಚಿದಷ್ಟೂ ಉದುರುತ್ತಿದೆಯಾ? ಬಾಚಣಿಗೆ ಬಿಸಾಡುವ ಮುಂಚೆ ಕೂದಲಿನ ತುದಿ ನೋಡಿ

ದೂರು ಯಾವಾಗಲೂ ಒಂದೇ: "ಬಾಚಿದಷ್ಟೂ ಉದುರುತ್ತೆ." ಅದರ ಬೆನ್ನಿಗೇ ಎರಡು ಸಲಹೆ ಬರುತ್ತವೆ. ಒಬ್ಬರು ಬಾಚುವುದನ್ನೇ ಕಮ್ಮಿ ಮಾಡು ಅನ್ನುತ್ತಾರೆ. ಇನ್ನೊಬ್ಬರು ಮಲಗುವ ಮುಂಚೆ ನೂರು ಸಲ ಬಾಚು, ರಕ್ತ ಚೆನ್ನಾಗಿ ಓಡಾಡಿ ಕೂದಲು ದಟ್ಟ ಆಗುತ್ತೆ ಅನ್ನುತ್ತಾರೆ. ನಾನು ಎರಡನ್ನೂ ಮಾಡಿದ್ದೇನೆ. ಎರಡರಲ್ಲೂ ಕೂದಲು ಕಳೆದುಕೊಂಡಿದ್ದೇನೆ.

ನಡೆದದ್ದು ಹೀಗೆ. ಒಂದು ಮಳೆಗಾಲದಲ್ಲಿ ನನಗೆ ಡೆಂಗ್ಯೂ ಬಂದು ಹೋಯಿತು. ಹತ್ತು ದಿನ ಹಾಸಿಗೆ ಹಿಡಿದೆ, ಆಮೇಲೆ ಸುಧಾರಿಸಿಕೊಂಡೆ. ದಸರಾ ಹೊತ್ತಿಗೆ ನೋಡಿದರೆ ಹಣಿಗೆ ತುಂಬ ಕೂದಲು. ಹೆದರಿಕೊಂಡು ಬಾಚುವುದನ್ನೇ ಬಿಟ್ಟೆ. ಐದು ದಿನ ಹಾಗೇ ತುರುಬು ಕಟ್ಟಿಕೊಂಡು ಓಡಾಡಿದೆ. ಆರನೇ ದಿನ ತಲೆಗೆ ಎರೆದುಕೊಂಡು ಒದ್ದೆ ತಲೆಯಲ್ಲೇ ಸಿಕ್ಕು ಬಿಡಿಸಲು ಕೂತೆ. ಕೈಗೆ ಬಂದದ್ದು ನಿಂಬೆಹಣ್ಣಿನಷ್ಟು ದೊಡ್ಡ ಉಂಡೆ. ಅವತ್ತು ಅತ್ತೇಬಿಟ್ಟೆ.

ಆಗ ನಾನು ಊರಲ್ಲಿದ್ದೆ, ಕೊಪ್ಪಳದ ಕಡೆ. ನಮ್ಮ ಓಣಿಯಲ್ಲಿ ಉದುರಿದ ಕೂದಲನ್ನು ಬಿಸಾಡುವವರು ಕಮ್ಮಿ. ಉಂಡೆ ಸುತ್ತಿ ಗೋಡೆ ಸಂದಿಯಲ್ಲಿ ಸಿಕ್ಕಿಸಿಡುತ್ತಾರೆ. ಕೂದಲು ಕೊಳ್ಳುವವರು ಬೀದಿಗೆ ಬಂದಾಗ ಪಾತ್ರೆಗೋ ದುಡ್ಡಿಗೋ ಕೊಡುತ್ತಾರೆ. ಪಕ್ಕದ ಭಾಗ್ಯನಗರದಲ್ಲಿ ಇಂಥ ಕೂದಲನ್ನು ಬಿಡಿಸಿ, ಉದ್ದ ನೋಡಿ ಬೇರೆ ಮಾಡಿ, ಹೊರಗೆ ಕಳಿಸುವ ಉದ್ಯಮವೇ ಇದೆ. ಕೂದಲು ಕೊಳ್ಳಲು ಬಂದ ಆಯಮ್ಮ ನನ್ನ ಉಂಡೆಯನ್ನು ಕೈಗೆ ತಗೊಂಡು ಎರಡು ಸಲ ಎಳೆದು ನೋಡಿದಳು. "ಇದರಾಗ ಅರ್ಧ ಉದುರಿದ್ದಲ್ಲವ್ವಾ, ಹರದದ್ದು. ಬರೀ ತುಂಡು ಐತಿ" ಅಂದಳು.

ಉದುರಿದ್ದು ಬೇರೆ, ಹರಿದದ್ದು ಬೇರೆ. ನನ್ನ ತಲೆಯಲ್ಲಿ ಒಂದೇ ಹೊತ್ತಿಗೆ ಎರಡು ದೋಷ ಇದ್ದವು. ನಾನು ಎರಡನ್ನೂ ಸೇರಿಸಿ ಒಂದೇ ಅಂದುಕೊಂಡಿದ್ದೆ, ಎಲ್ಲ ತಪ್ಪನ್ನೂ ಹಣಿಗೆಯ ಮೇಲೆ ಹೊರಿಸಿದ್ದೆ. ಕೆಳಗೆ ಬರೆದಿರುವುದು ಅವೆರಡನ್ನು ಬೇರೆ ಮಾಡಿ ನೋಡುವ ಬಗೆ.

ಮೊದಲ ಪರೀಕ್ಷೆ: ಗೆಣ್ಣು ಇದೆಯಾ, ಇಲ್ಲವಾ?

ಒಂದು ದಿನ ಬಾಚಿದಾಗ ಬಂದ ಕೂದಲನ್ನೆಲ್ಲ ಎತ್ತಿಡಿ. ಕಪ್ಪು ಬಟ್ಟೆಯ ಮೇಲೋ ಹಳೇ ರಟ್ಟಿನ ಮೇಲೋ ಒಂದೊಂದಾಗಿ ಹರಡಿ. 20 ಕೂದಲು ನೋಡಿದರೆ ಸಾಕು. ಬೆಳಕು ಚೆನ್ನಾಗಿರಲಿ. ವಯಸ್ಸಾದವರು ಕನ್ನಡಕ ಹಾಕಿಕೊಳ್ಳಿ, ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ.

ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಬಿಳಿ ಗೆಣ್ಣು ಕಂಡರೆ ಅದು ಬುಡದಿಂದ ಉದುರಿದ್ದು. ಕೂದಲು ನಿಮ್ಮ ಜಡೆಯಷ್ಟೇ ಉದ್ದ ಇರುತ್ತದೆ. ಗೆಣ್ಣು ಎರಡು ಕಡೆಯೂ ಇಲ್ಲದೆ, ಉದ್ದ ಒಂದೊಂದು ಒಂದೊಂದು ಥರ ಇದ್ದರೆ ಅದು ನಡುವೆ ತುಂಡಾದದ್ದು.

ಇಲ್ಲಿ ಬಹಳ ಜನ ಗಾಬರಿ ಬೀಳುತ್ತಾರೆ. ಬಿಳಿ ಗೆಣ್ಣು ಕಂಡ ಕೂಡಲೇ "ಅಯ್ಯೋ, ಬೇರೇ ಕಿತ್ತು ಬಂತು, ಇನ್ನು ಅಲ್ಲಿ ಬೆಳೆಯಲ್ಲ" ಅನ್ನುತ್ತಾರೆ. ಹಾಗೇನಿಲ್ಲ. ಅದು ಬೇರಲ್ಲ. ಹಣ್ಣಾದ ಎಲೆಯ ತೊಟ್ಟು ಇದ್ದ ಹಾಗೆ, ಬೆಳೆದು ಮುಗಿದ ಕೂದಲಿನ ಬುಡ. ಹೊಸ ಕೂದಲು ಹುಟ್ಟಿಸುವ ಭಾಗ ಚರ್ಮದ ಒಳಗೇ ಉಳಿದಿರುತ್ತದೆ. ಹಾಗೆ ನೋಡಿದರೆ ಗೆಣ್ಣು ಕಾಣಿಸಿದರೆ ಬಾಚಣಿಗೆಗೆ ಅರ್ಧ ಬಿಡುಗಡೆ ಸಿಕ್ಕಿತು ಅಂತಲೇ ಲೆಕ್ಕ.

20ರಲ್ಲಿ ಬಹುಪಾಲು ಗೆಣ್ಣಿನವು ಅಂದರೆ ಮುಂದಿನ ಎರಡು ಭಾಗ ಓದಿ. ಬಹುಪಾಲು ತುಂಡುಗಳು ಅಂದರೆ ಸೀದಾ "ತುಂಡಾಗುತ್ತಿದ್ದರೆ" ಅನ್ನುವಲ್ಲಿಗೆ ಹೋಗಿ. ಎರಡೂ ಇದ್ದರೆ, ನನ್ನ ಹಾಗೆ, ಎಲ್ಲವನ್ನೂ ಓದಬೇಕು.

ಎರಡನೇ ಪರೀಕ್ಷೆ: ನಿಜವಾಗಿ ಜಾಸ್ತಿಯಾ, ಇಲ್ಲ ಕೂಡಿಟ್ಟದ್ದಾ?

ತಲೆಯ ಮೇಲೆ ಸುಮಾರು 1 ಲಕ್ಷ ಕೂದಲಿರುತ್ತವೆ. ನೂರಕ್ಕೆ 85ರಿಂದ 90 ಯಾವಾಗಲೂ ಬೆಳೆಯುತ್ತಿರುತ್ತವೆ. ಒಂದೊಂದೂ 2ರಿಂದ 6 ವರ್ಷ ಬೆಳೆದು, ಆಮೇಲೆ ಸುಮಾರು 3 ತಿಂಗಳು ಸುಮ್ಮನೆ ಕೂತು, ಕೊನೆಗೆ ಬೀಳುತ್ತದೆ. ಹೀಗೆ ಸರದಿ ಮುಗಿದು ಬೀಳುವವು ದಿನಕ್ಕೆ 50ರಿಂದ 100. ಏನೂ ಕಾಯಿಲೆ ಇಲ್ಲದವರಿಗೂ ಇಷ್ಟು ಬೀಳುತ್ತವೆ.

ಬಿದ್ದ ಕೂದಲು ನೆಲಕ್ಕೆ ಬರಬೇಕಲ್ಲ? ಗಂಡಸರ ಕ್ರಾಪಿನಲ್ಲಿ ಅದು ಸ್ನಾನದ ನೀರಿನ ಜೊತೆ ಹೋಗಿಬಿಡುತ್ತದೆ, ಯಾರೂ ಎಣಿಸುವುದಿಲ್ಲ. ನಮ್ಮ ಮನೆಯವರಿಗೂ ನನ್ನಷ್ಟೇ ಉದುರುತ್ತದೆ, ಆದರೆ ಬಾತ್‌ರೂಮಿನ ಜಾಲರಿ ಕಟ್ಟಿಕೊಂಡಾಗ ಬೈಸಿಕೊಳ್ಳುವುದು ನಾನೇ. ಉದ್ದ ಕೂದಲು ಜಡೆಯೊಳಗೆ, ತುರುಬಿನೊಳಗೆ ಸಿಕ್ಕಿಕೊಂಡೇ ಇರುತ್ತದೆ. ಬಾಚಿದಾಗ ಮಾತ್ರ ಹೊರಗೆ ಬರುತ್ತದೆ. ದಿನಕ್ಕೆ 80 ಅಂತ ಇಟ್ಟುಕೊಳ್ಳಿ. 5 ದಿನ ಬಾಚದಿದ್ದರೆ 400 ಕೂದಲು ಒಂದೇ ಸಲ ಹಣಿಗೆಗೆ ಬರುತ್ತವೆ. ಸೊಂಟದುದ್ದದ 400 ಕೂದಲು ಅಂದರೆ ಉಂಡೆಯೇ ಆಯಿತು. ಗುಂಗುರು ಕೂದಲಿನವರು ವಾರಕ್ಕೊಮ್ಮೆ ಸಿಕ್ಕು ಬಿಡಿಸುವಾಗ ಎದೆ ಒಡೆದುಕೊಳ್ಳುವುದಕ್ಕೂ ಇದೇ ಕಾರಣ.

ಅದಕ್ಕೇ ಒಂದು ದಿನದ ಕೂದಲು ನೋಡಿ ಏನೂ ತೀರ್ಮಾನ ಮಾಡಬೇಡಿ. ಏಳು ದಿನ ಒಂದೇ ಹೊತ್ತಿಗೆ, ಒಂದೇ ರೀತಿ ಬಾಚಿ. ಬಂದದ್ದನ್ನು ಕಾಗದದ ಪೊಟ್ಟಣದಲ್ಲಿ ಹಾಕಿ ತಾರೀಖು ಬರೆಯಿರಿ. ತಲೆಗೆ ಎರೆದುಕೊಂಡ ದಿನದ ಪೊಟ್ಟಣಕ್ಕೆ ಗುರುತು ಹಾಕಿ, ಅವತ್ತು ಜಾಸ್ತಿ ಬಂದೇ ಬರುತ್ತದೆ. ವಾರದ ಕೊನೆಗೆ ಎಲ್ಲ ಎಣಿಸಿ 7ರಿಂದ ಭಾಗಿಸಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಕಣ್ಣಳತೆ ಇದರಲ್ಲಿ ಭಾರೀ ಮೋಸ ಮಾಡುತ್ತದೆ.

ಚರ್ಮದ ಡಾಕ್ಟರು ಮಾಡುವ ಒಂದು ಪರೀಕ್ಷೆಯನ್ನು ಮನೆಯಲ್ಲೂ ಸುಮಾರಾಗಿ ಮಾಡಬಹುದು. 50-60 ಕೂದಲಿನ ಒಂದು ಎಸಳನ್ನು ಬುಡದ ಹತ್ತಿರ ಬೆರಳಲ್ಲಿ ಹಿಡಿದು, ನೋವಾಗದ ಹಾಗೆ ತುದಿಯವರೆಗೆ ಜಾರಿಸುತ್ತಾ ಎಳೆಯಿರಿ. ತಲೆಯ ಮೂರು ನಾಲ್ಕು ಕಡೆ ಮಾಡಿ. ಒಂದು ಎರಡು ಬಂದರೆ ಏನಿಲ್ಲ. ಪ್ರತಿ ಸಲ 6ಕ್ಕಿಂತ ಜಾಸ್ತಿ ಬಂದರೆ ಉದುರುವಿಕೆ ನಿಜಕ್ಕೂ ಜೋರಾಗಿದೆ.

ಬುಡದಿಂದ ಉದುರುತ್ತಿದ್ದರೆ

ಇಲ್ಲಿ ಬಾಚಣಿಗೆ ಬರೀ ಸಾಕ್ಷಿ. ನಾಳೆಯೋ ನಾಡಿದ್ದೋ ಬೀಳಬೇಕಿದ್ದ ಕೂದಲನ್ನು ಇವತ್ತು ತೆಗೆದುಕೊಡುತ್ತದೆ, ಅಷ್ಟೇ. ಬೆಳೆಯುತ್ತಿರುವ ಗಟ್ಟಿ ಕೂದಲನ್ನು ಸಾಧಾರಣ ಬಾಚುವಿಕೆ ಕೀಳುವುದಿಲ್ಲ. ಹಾಗೆ ಕಿತ್ತರೆ ಚುರ್ ಅಂತ ನೋವಾಗುತ್ತದೆ, ನಿಮಗೇ ಗೊತ್ತಾಗುತ್ತದೆ.

ಕಾರಣ ಹುಡುಕಲು ಕ್ಯಾಲೆಂಡರ್ ತಗೊಳ್ಳಿ. ಉದುರಲು ಶುರುವಾದ ದಿನದಿಂದ 2-3 ತಿಂಗಳು ಹಿಂದಕ್ಕೆ ಹೋಗಿ. ಏನಾಗಿತ್ತು? ಡೆಂಗ್ಯೂ, ಟೈಫಾಯ್ಡ್, ಕೋವಿಡ್‌ನಂಥ ಜ್ವರ? ಆಪರೇಷನ್? ಹೆರಿಗೆ? ಊಟ ಬಿಟ್ಟು ತೂಕ ಇಳಿಸಿದ್ದು? ಮನೆಯಲ್ಲಿ ಸಾವು ನೋವು? ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲಲ್ಲಿ ಒಂದು ದೊಡ್ಡ ಪಾಲು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿಬಿಡುತ್ತದೆ. ಬೆಳವಣಿಗೆ ನಿಂತದ್ದು ಅವತ್ತು, ಬೀಳುವುದು ಮೂರು ತಿಂಗಳಾದ ಮೇಲೆ. ಡಾಕ್ಟರು ಇದನ್ನು ಟೆಲೋಜೆನ್ ಎಫ್ಲುವಿಯಂ ಅನ್ನುತ್ತಾರೆ. ನಡುವೆ ಇಷ್ಟು ಅಂತರ ಇರುವುದರಿಂದಲೇ ನಾವು ಅಸಲಿ ಕಾರಣ ಬಿಟ್ಟು, ಹೋದ ವಾರ ಕೊಂಡ ಶಾಂಪೂವನ್ನೋ ಹೊಸ ಹಣಿಗೆಯನ್ನೋ ಬೈಯುತ್ತೇವೆ. ನನ್ನ ಜ್ವರ ಮಳೆಗಾಲದ್ದು, ಉದುರಿದ್ದು ದಸರೆಗೆ. ಲೆಕ್ಕ ಸರಿಹೋಯಿತು.

ಬಾಣಂತಿಯರಿಗೆ ಒಂದು ಮಾತು. ಬಸಿರಿನಲ್ಲಿ ಬೀಳಬೇಕಿದ್ದ ಕೂದಲು ಬೀಳದೆ ನಿಂತಿರುತ್ತದೆ, ಅದಕ್ಕೇ ಜಡೆ ದಪ್ಪ ಕಾಣುತ್ತದೆ. ಹೆರಿಗೆಯಾಗಿ ಕೆಲವು ತಿಂಗಳಿಗೆ ಆ ಬಾಕಿಯೆಲ್ಲ ಒಟ್ಟಿಗೆ ಬೀಳುತ್ತದೆ. ಮಗು ಅಮ್ಮನ ಮುಖ ನೋಡಿ ನಕ್ಕರೆ ಕೂದಲು ಉದುರುತ್ತದೆ ಅಂತ ಹೇಳುವುದನ್ನು ಕೇಳಿರುತ್ತೀರಿ. ಮಗು ನಗಲು ಕಲಿಯುವ ಕಾಲವೂ ಕೂದಲು ಉದುರಲು ಶುರುವಾಗುವ ಕಾಲವೂ ಹತ್ತಿರ ಹತ್ತಿರವೇ. ಪಾಪ, ಮಗುವಿನದೇನೂ ತಪ್ಪಿಲ್ಲ.

ಇಂಥ ಉದುರುವಿಕೆಗೆ ಮೂಲ ಕಾರಣ ಹೋದ ಮೇಲೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನೇ ಹಿಡಿತಕ್ಕೆ ಬರುತ್ತದೆ. ಆರು ತಿಂಗಳು ದಾಟಿದರೂ ನಿಲ್ಲದಿದ್ದರೆ, ಅಥವಾ ಕ್ಯಾಲೆಂಡರಿನಲ್ಲಿ ಏನೂ ಸಿಗದಿದ್ದರೆ, ರಕ್ತ ಪರೀಕ್ಷೆ ಮಾಡಿಸಿ. ಮುಖ್ಯವಾಗಿ ನೋಡಬೇಕಾದ್ದು ಕಬ್ಬಿಣದ ಅಂಶ ಮತ್ತು ಥೈರಾಯ್ಡ್. ಮುಟ್ಟಿನಲ್ಲಿ ಜಾಸ್ತಿ ಹೋಗುವ ಹೆಂಗಸರಲ್ಲಿ ಕಬ್ಬಿಣದ ಕೊರತೆ ತೀರಾ ಸಾಮಾನ್ಯ.

ಅಲ್ಲಿಯವರೆಗೆ ಬಾಚುವುದನ್ನು ಬಿಡಬೇಡಿ. ಇದೇ ನಾನು ಮಾಡಿದ ತಪ್ಪು. ಬಾಚದೆ ಬಿಟ್ಟರೆ ಬಿದ್ದ ಕೂದಲು ಇರುವ ಕೂದಲಿಗೆ ಸುತ್ತಿಕೊಂಡು ಸಿಕ್ಕಾಗುತ್ತದೆ. ಆಮೇಲೆ ಆ ಸಿಕ್ಕನ್ನು ಎಳೆದು ಬಿಡಿಸುವಾಗ ಚೆನ್ನಾಗಿದ್ದ ಕೂದಲೂ ಹರಿಯುತ್ತದೆ. ಮೊದಲನೇ ದೋಷ ಎರಡನೆಯದನ್ನು ಹುಟ್ಟಿಸಿದ್ದು ಹೀಗೆ.

ತುಂಡಾಗುತ್ತಿದ್ದರೆ

ಈಗ ಬಾಚಣಿಗೆ ನಿಜವಾಗಿಯೂ ಆರೋಪಿ.

ಕೂದಲಿನ ಮೇಲ್ಮೈಯನ್ನು ಹಂಚಿನ ಮಾಡು ಅಂದುಕೊಳ್ಳಿ. ಒಂದರ ಮೇಲೊಂದು ಹೊದಿಸಿದ ಸಣ್ಣ ಸಣ್ಣ ಬಿಲ್ಲೆಗಳು, ಎಲ್ಲವೂ ತುದಿಯ ಕಡೆ ಇಳಿಜಾರು. ಬುಡದಿಂದ ತುದಿಗೆ ಬೆರಳು ಜಾರಿಸಿದರೆ ನುಣ್ಣಗಿರುತ್ತದೆ. ತುದಿಯಿಂದ ಬುಡಕ್ಕೆ ಎಳೆದರೆ ತಡೆಯುತ್ತದೆ. ಒಂದು ಕೂದಲು ತಗೊಂಡು ಈಗಲೇ ನೋಡಿ, ಗೊತ್ತಾಗುತ್ತದೆ. ಪ್ರತಿ ಸಲ ಬಾಚಿದಾಗ ಹಲ್ಲು ಈ ಹಂಚುಗಳ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಅಲ್ಲೊಂದು ಇಲ್ಲೊಂದು ಮೂಲೆ ಮುರಿಯುತ್ತದೆ. ಕೂದಲು ಜೀವ ಇರುವ ವಸ್ತುವಲ್ಲ, ಮುರಿದ ಹಂಚು ಮತ್ತೆ ಕೂಡುವುದಿಲ್ಲ.

ಕೂದಲು ಕೊಳ್ಳುವವರಿಗೆ ಈ ಹಂಚಿನ ದಿಕ್ಕು ಚೆನ್ನಾಗಿ ಗೊತ್ತು. ದೇವಸ್ಥಾನದಲ್ಲಿ ಮುಡಿ ಕೊಟ್ಟ ಕೂದಲಿಗೆ ಬೆಲೆ ಜಾಸ್ತಿ. ಯಾಕೆಂದರೆ ಬುಡವೆಲ್ಲ ಒಂದೇ ಕಡೆ ಬರುವ ಹಾಗೆ ಕಟ್ಟಿಡಬಹುದು. ವ್ಯಾಪಾರದಲ್ಲಿ ಅದಕ್ಕೆ ರೆಮಿ ಅನ್ನುತ್ತಾರೆ. ಬಾಚಿದ ಉಂಡೆಯಲ್ಲಿ ಬುಡ ತುದಿ ಕಲಸಿಹೋಗಿ, ಹಂಚುಗಳು ಒಂದಕ್ಕೊಂದು ಎದುರಾಗಿ ಕೊಕ್ಕೆ ಹಾಕಿಕೊಳ್ಳುತ್ತವೆ. ಅದಕ್ಕೇ ಅದು ಮೇಲಿಂದ ಮೇಲೆ ಸಿಕ್ಕಾಗುತ್ತದೆ. ಆ ಸಿಕ್ಕು ತಪ್ಪಿಸಲು ಎಷ್ಟೋ ಕಡೆ ಆಸಿಡ್ ಹಾಕಿ ಹಂಚಿನ ಪದರವನ್ನೇ ತೆಗೆದುಬಿಡುತ್ತಾರೆ. ಕೂದಲನ್ನು ಉಬ್ಬಿಸಿ ಕಾಣಿಸಲು ತುದಿಯಿಂದ ಬುಡಕ್ಕೆ ಹಿಮ್ಮುಖವಾಗಿ ಬಾಚುತ್ತಾರಲ್ಲ, ಮದುವೆ ಮನೆಯ ಮೇಕಪ್‌ನವರು? ಅದು ಹಂಚನ್ನು ಅಡ್ಡಡ್ಡ ಎಬ್ಬಿಸುವ ಕೆಲಸ. ಒಂದು ದಿನಕ್ಕೆ ಪರವಾಗಿಲ್ಲ, ದಿನಾ ಮಾಡಿಕೊಂಡರೆ ಗತಿ ಇಲ್ಲ.

ಇನ್ನೊಂದು ಲೆಕ್ಕ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮ ಜಡೆ 60 ಸೆಂಟಿಮೀಟರ್ ಇದ್ದರೆ ಅದರ ತುದಿಗೆ ಈಗ 5 ವರ್ಷ ವಯಸ್ಸು. ದಿನಕ್ಕೆ ಎರಡು ಸಲ ತಲೆ ಬಾಚಿಕೊಂಡರೂ ಅದು 3,650 ಸಲ ಬಾಚಿಸಿಕೊಂಡಿದೆ. ಅಷ್ಟು ಸಲ ಒಗೆದ ಸೀರೆಯ ಅಂಚು ಹೇಗಿರುತ್ತದೆ? ತುದಿ ಕವಲೊಡೆಯುವುದು, ಒರಟಾಗುವುದು ಇದರಿಂದ. ಬುಡದ ಕೂದಲು ಹೊಸದು, ಗಟ್ಟಿ. ತುದಿ ಹಳೆಯದು, ಸವೆದದ್ದು. ಹಾಗಾಗಿ "ಜಾಸ್ತಿ ಬಾಚಿದರೆ ಕೂದಲು ಹಾಳಾಗುತ್ತದಾ?" ಅನ್ನುವ ಪ್ರಶ್ನೆಗೆ ನನ್ನ ಉತ್ತರ ಹೀಗೆ: ಬುಡ ಹಾಳಾಗುವುದಿಲ್ಲ, ಉದ್ದ ಹಾಳಾಗುತ್ತದೆ. ಉದ್ದ ಕೂದಲಿನವರು ಜಾಸ್ತಿ ಹುಷಾರಾಗಿರಬೇಕು, ಕ್ರಾಪಿನವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ತುಂಡಾಗುವುದಕ್ಕೆ ಕಾರಣ ಹುಡುಕಲು ನಾನು ಈ ಕ್ರಮದಲ್ಲಿ ನೋಡುತ್ತೇನೆ. ಸುಲಭದ್ದು ಮೊದಲು.

ಬಾಚಣಿಗೆಯನ್ನೇ ನೋಡಿ. ಅಗ್ಗದ ಪ್ಲಾಸ್ಟಿಕ್ ಬಾಚಣಿಗೆಯನ್ನು ಅಚ್ಚಿನಲ್ಲಿ ಎರಕ ಹೊಯ್ದು ಮಾಡಿರುತ್ತಾರೆ. ಅಚ್ಚಿನ ಎರಡು ಭಾಗ ಕೂಡುವ ಕಡೆ ಹಲ್ಲಿನ ಉದ್ದಕ್ಕೂ ಒಂದು ಸಣ್ಣ ಚೂಪು ಗೆರೆ ಉಳಿದಿರುತ್ತದೆ. ಹಲ್ಲುಗಳ ನಡುವೆ ಉಗುರು ಆಡಿಸಿದರೆ ಸಿಗುತ್ತದೆ. ತೆಳ್ಳಗಿನ ದುಪಟ್ಟಾ ಮೇಲೆ ಬಾಚಣಿಗೆ ಎಳೆದು ನೋಡಿ, ದಾರ ಕಿತ್ತರೆ ಅದು ಕೂದಲನ್ನೂ ಕೆರೆಯುತ್ತದೆ. ಹಲ್ಲು ಮುರಿದದ್ದು, ತುದಿಯ ಗುಂಡು ಉದುರಿಹೋದ ಬ್ರಷ್, ಇವನ್ನು ಸುಮ್ನೆ ಬಿಸಾಡಿ. ಬೇವಿನ ಮರದ್ದೇ ಬೇಕಾ ಅಂತ ಕೇಳುವವರಿಗೆ: ನುಣ್ಣಗಿದ್ದರೆ ಯಾವ ಮರವಾದರೂ ಸರಿ. ಮರದ ಬಾಚಣಿಗೆಯಲ್ಲಿ ಒಣ ಹವೆಯಲ್ಲಿ ಕೂದಲು ಚಟಪಟ ಅಂದು ಎದ್ದು ನಿಲ್ಲುವುದು ಕಮ್ಮಿ, ಅದು ನಿಜವಾದ ಲಾಭ. ಬೇವಿನ ಔಷಧಿ ಗುಣ ಒಣ ಹಲ್ಲಿನಿಂದ ತಲೆಗೆ ಇಳಿಯುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ.

ಹಲ್ಲುಗಳ ನಡುವಿನ ಅಂತರವನ್ನೂ ನೋಡಿ. ಸಿಕ್ಕು ಬಿಡಿಸಲು ಅಗಲ ಹಲ್ಲಿನದು ಬೇಕು. ಒತ್ತು ಹಲ್ಲಿನದು ಕೊನೆಗೆ, ನೀಟಾಗಿ ಕೂರಿಸಲು. ಸೀರಣಿಗೆ ಇರುವುದು ಹೇನು, ಸೀರು ತೆಗೆಯಲು. ಸಿಕ್ಕಿಗೆ ಅದನ್ನು ಹಾಕಿದರೆ ಕೂದಲು ಹರಿಯದೆ ಇನ್ನೇನಾಗುತ್ತದೆ?

ಆಮೇಲೆ ಹೊತ್ತು. ಕೂದಲು ಒದ್ದೆಯಾದಾಗ ನೀರು ಕುಡಿದು ಉಬ್ಬುತ್ತದೆ, ಎಳೆದರೆ ಉದ್ದವಾಗುತ್ತದೆ, ಒಣಗಿದ ಕೂದಲಿಗಿಂತ ಬೇಗ ಕಡಿಯುತ್ತದೆ. ನೇರ ಕೂದಲಿನವರು ನೀರು ಸೋರುತ್ತಿರುವಾಗ ಬಾಚಬೇಡಿ, ಮುಕ್ಕಾಲು ಒಣಗಲಿ. ಗುಂಗುರು ಕೂದಲಿನವರಿಗೆ ಇದೇ ಮಾತು ತಿರುಗುಮುರುಗು. ಒಣಗಿದ ಗುಂಗುರು ಕೂದಲನ್ನು ಬಾಚಿದರೆ ಪ್ರತಿ ಸುರುಳಿಯಲ್ಲೂ ಹಲ್ಲು ಸಿಕ್ಕಿಕೊಳ್ಳುತ್ತದೆ. ಅವರು ಕಂಡಿಷನರ್ ಹಚ್ಚಿ ಒದ್ದೆ ಇರುವಾಗಲೇ ಅಗಲ ಹಲ್ಲಿನಿಂದ ಬಿಡಿಸಿಕೊಳ್ಳುವುದು ಒಳ್ಳೆಯದು. ಅಕ್ಕನಿಗೆ ಆಗಿಬಂದದ್ದು ತಂಗಿಗೂ ಆಗಿಬರುತ್ತದೆ ಅಂತಿಲ್ಲ. ನಮ್ಮ ಮನೆಯಲ್ಲೇ ನನ್ನದು ನೇರ, ನನ್ನ ತಂಗಿಯದು ಗುಂಗುರು. ಅಮ್ಮ ಇಬ್ಬರಿಗೂ ಒಂದೇ ಹಣಿಗೆಯಲ್ಲಿ, ಒಂದೇ ಥರ ಬಾಚುತ್ತಿದ್ದಳು. ಅಳುತ್ತಿದ್ದದ್ದು ತಂಗಿ ಮಾತ್ರ.

ಬಾಚುವ ರೀತಿ. ಇದೇ ಎಲ್ಲಕ್ಕಿಂತ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ, ಮತ್ತು ಸರಿಮಾಡಲು ಒಂದು ಪೈಸೆ ಖರ್ಚಿಲ್ಲ. ನಾವು ನೆತ್ತಿಯಿಂದ ಶುರುಮಾಡಿ ಸರ್ರನೆ ಕೆಳಗೆ ಎಳೆಯುತ್ತೇವೆ. ಆಗ ಮೇಲಿನ ಸಿಕ್ಕು ಕೆಳಗಿನ ಸಿಕ್ಕಿನ ಮೇಲೆ ಹೋಗಿ ಕೂರುತ್ತದೆ, ಎರಡೂ ಸೇರಿ ಗಂಟಾಗುತ್ತದೆ. ಹಲ್ಲು ಅಲ್ಲಿ ನಿಲ್ಲುತ್ತದೆ. ನಾವು ಇನ್ನೂ ಜೋರಾಗಿ ಎಳೆಯುತ್ತೇವೆ. ಟಪ್.

ಸರಿಯಾದ ದಾರಿ ಕೆಳಗಿನಿಂದ. ಮೊದಲು ತುದಿಯ ನಾಲ್ಕು ಬೆರಳಷ್ಟು ಬಾಚಿ. ಅದು ಬಿಡಿಸಿಕೊಂಡ ಮೇಲೆ ಇನ್ನೊಂದು ಗೇಣು ಮೇಲೆ ಹೋಗಿ ಅಲ್ಲಿಂದ ತುದಿಯವರೆಗೆ. ಹೀಗೆ ನೆತ್ತಿ ತಲುಪುವುದು ಕೊನೆಗೆ. ಸಿಕ್ಕಿನ ಮೇಲ್ಗಡೆ ಕೂದಲನ್ನು ಇನ್ನೊಂದು ಕೈಯಲ್ಲಿ ಮುಷ್ಟಿ ಹಿಡಿದಿರಿ. ಎಳೆತ ಆ ಮುಷ್ಟಿಯಲ್ಲೇ ನಿಲ್ಲುತ್ತದೆ, ಬುಡಕ್ಕೆ ಹೋಗುವುದಿಲ್ಲ. ಹಳೇ ಕಾಲದ ಅಜ್ಜಿಯರು ಮೊಮ್ಮಕ್ಕಳ ತಲೆ ಬಾಚುವಾಗ ಹೀಗೆ ಮುಷ್ಟಿ ಹಿಡಿದೇ ಬಾಚುತ್ತಿದ್ದರು, ನೆನಪಿದೆಯಾ? ನಮಗೆ ಶಾಲೆಗೆ ಹೊತ್ತಾಗುತ್ತಿದ್ದರೆ ಮಾತ್ರ ಆ ತಾಳ್ಮೆ ಇರುತ್ತಿರಲಿಲ್ಲ. ಗಟ್ಟಿ ಗಂಟಾಗಿದ್ದರೆ ಎರಡು ಹನಿ ಎಣ್ಣೆ ಹಾಕಿ ಬೆರಳಲ್ಲೇ ಬಿಡಿಸಿ. ತಲೆಗೆ ಎರೆದುಕೊಳ್ಳುವ ಮುಂಚೆಯೇ ಒಮ್ಮೆ ಸಿಕ್ಕು ಬಿಡಿಸಿಟ್ಟರೆ ಆಮೇಲಿನ ಕೆಲಸ ಅರ್ಧ ಕಮ್ಮಿ.

ಎಣ್ಣೆಯ ಮಾತು ಬಂತಲ್ಲ. ಕೊಬ್ಬರಿ ಎಣ್ಣೆ ಹಚ್ಚಿದ ಕೂದಲು ತೊಳೆದು ಬಾಚಿದಾಗ ಪ್ರೋಟೀನ್ ಕಳೆದುಕೊಳ್ಳುವುದು ಕಮ್ಮಿ ಅಂತ 2003ರಲ್ಲಿ ಮುಂಬೈಯ ಇಬ್ಬರು ಸಂಶೋಧಕರು ತೋರಿಸಿದರು. ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್‌ಗಳಲ್ಲಿ ಆ ಗುಣ ಕಾಣಲಿಲ್ಲ. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲ ಕೂದಲಿನ ಒಳಕ್ಕೆ ಇಳಿಯುತ್ತದೆ ಅನ್ನುವುದು ಅವರು ಕೊಟ್ಟ ಕಾರಣ. ಆ ಸಂಶೋಧಕರು ಎಣ್ಣೆ ಮಾರುವ ಕಂಪನಿಯವರೇ ಅನ್ನುವುದನ್ನೂ ಹೇಳಿಬಿಡುತ್ತೇನೆ. ಆದರೂ ಎಣ್ಣೆ ಕೂದಲನ್ನು ಜಾರುವ ಹಾಗೆ ಮಾಡುವುದು ಕೈಗೇ ಗೊತ್ತಾಗುವ ಸಂಗತಿ. ಹಲ್ಲು ತಡೆಯುವುದಿಲ್ಲ, ಅಷ್ಟಾದರೆ ಸಾಕು. ತಲೆಯಲ್ಲಿ ಹೊಟ್ಟು ಇರುವವರು ಮಾತ್ರ ಎಣ್ಣೆಯನ್ನು ಉದ್ದಕ್ಕೆ ಹಚ್ಚಿ, ನೆತ್ತಿಗೆ ಬೇಡ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಜಿಡ್ಡು ತಿಂದೇ ಬದುಕುವುದು.

ಟವೆಲ್. ತಲೆ ಬಗ್ಗಿಸಿ, ಒದ್ದೆ ಕೂದಲಿಗೆ ಟವೆಲ್‌ನಿಂದ ಪಟಪಟ ಬಡಿಯುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ನೀರು ಬೇಗ ಹೋಗುತ್ತದೆ, ಕೂದಲೂ ಹೋಗುತ್ತದೆ. ಹಳೇ ಕಾಟನ್ ಬಟ್ಟೆಯಲ್ಲಿ ಸುತ್ತಿ ಹಿಂಡದೆ ಒತ್ತಿ.

ಇಷ್ಟೆಲ್ಲ ಸರಿ ಇದ್ದರೂ ತುಂಡಾಗುತ್ತಿದ್ದರೆ ಕೂದಲು ಮೊದಲೇ ಸೋತಿದೆ ಅಂತ. ಸ್ಮೂತನಿಂಗ್, ಸ್ಟ್ರೈಟನಿಂಗ್, ಬ್ಲೀಚ್ ಮಾಡಿ ಬಣ್ಣ ಹಾಕಿಸಿದ್ದು, ದಿನಾ ಬಿಸಿ ಇಸ್ತ್ರಿ, ಇವೆಲ್ಲ ಕೂದಲಿನ ಒಳಗಿನ ಕಟ್ಟನ್ನೇ ಸಡಿಲ ಮಾಡುತ್ತವೆ. ಒಂದು ಕೂದಲನ್ನು ನೀರಲ್ಲಿ ನೆನೆಸಿ ಎರಡು ಕೈಯಲ್ಲಿ ನಿಧಾನ ಎಳೆಯಿರಿ. ಚೆನ್ನಾಗಿರುವುದು ಸ್ವಲ್ಪ ಹಿಗ್ಗಿ, ಬಿಟ್ಟಾಗ ಮೊದಲಿನ ಹಾಗಾಗುತ್ತದೆ. ಕೆಟ್ಟದ್ದು ಚೂಯಿಂಗ್ ಗಮ್ ಥರ ಎಳೆದುಕೊಂಡು ಹೋಗಿ ಹಾಗೇ ಉಳಿಯುತ್ತದೆ, ಇಲ್ಲ ಹಿಗ್ಗದೇ ಕಡಿಯುತ್ತದೆ. ಕೂದಲಿನ ಉದ್ದಕ್ಕೂ ಅಲ್ಲಲ್ಲಿ ಬಿಳಿ ಚುಕ್ಕೆ ಕಂಡು, ಬಗ್ಗಿಸಿದರೆ ಸರಿಯಾಗಿ ಅಲ್ಲೇ ಮುರಿದರೆ, ಒಳಗಿನ ನಾರು ಆ ಜಾಗದಲ್ಲಿ ಪೊರಕೆ ಕಡ್ಡಿಯ ಹಾಗೆ ಬಿಚ್ಚಿಕೊಂಡಿದೆ ಅಂತ ಅರ್ಥ. ಅದನ್ನು ಸೀರು ಅಂದುಕೊಂಡು ಸೀರಣಿಗೆ ಹಾಕಿದವರನ್ನು ನೋಡಿದ್ದೇನೆ. ಸೀರು ಸಾಮಾನ್ಯವಾಗಿ ಬುಡದ ಹತ್ತಿರ, ಕೂದಲಿನ ಒಂದು ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಇವು ಕೂದಲಿನದೇ ಭಾಗ, ಎಲ್ಲಿ ಬೇಕಾದರೂ ಇರುತ್ತವೆ. ಇಂಥ ಕೂದಲಿಗೆ ಕತ್ತರಿಯೇ ರಿಪೇರಿ.

ಬೋರ್‌ವೆಲ್ ನೀರಿನ ಬಗ್ಗೆ ಬೆಂಗಳೂರಿನವರು ಕೇಳೇ ಕೇಳುತ್ತಾರೆ. ಗಡಸು ನೀರಿನ ಸುಣ್ಣದ ಅಂಶ ಕೂದಲ ಮೇಲೆ ಕೂತು ಒರಟು ಮಾಡುತ್ತದೆ. ಒರಟಾದದ್ದು ಸಿಕ್ಕಾಗುತ್ತದೆ, ಸಿಕ್ಕಾದದ್ದು ಹರಿಯುತ್ತದೆ. ಕೊನೇ ಎರಡು ಚೊಂಬು ಫಿಲ್ಟರ್ ನೀರು ಅಥವಾ ಮಳೆನೀರು ಹುಯ್ದುಕೊಂಡು ವ್ಯತ್ಯಾಸ ನೋಡಿ.

ಎಲ್ಲಿ ಖಾಲಿಯಾಗುತ್ತಿದೆ?

ಹಣೆಯ ಅಂಚು, ಕಿವಿಯ ಮೇಲ್ಭಾಗ ಮಾತ್ರ ತೆಳ್ಳಗಾಗುತ್ತಿದ್ದರೆ ಬಾಚುವುದಕ್ಕಿಂತ ಕಟ್ಟುವುದರ ಮೇಲೆ ಅನುಮಾನ ಪಡಿ. ಬಿಗಿ ಪೋನಿಟೇಲ್, ಕಣ್ಣು ಮೇಲಕ್ಕೆ ಎಳೆಯುವಷ್ಟು ಬಿಗಿ ಎರಡು ಜಡೆ, ಭಾರದ ಚೌರಿ. ಭರತನಾಟ್ಯದ ಹುಡುಗಿಯರಿಗೆ, ತಲೆಗೂದಲು ಕತ್ತರಿಸದೆ ಬಿಗಿಯಾಗಿ ಗಂಟು ಕಟ್ಟುವ ಸಿಖ್ಖರಿಗೆ ಈ ತೊಂದರೆ ಬರುವುದುಂಟು. ಕಟ್ಟಿದ ಮೇಲೆ ನೆತ್ತಿ ನೋಯುತ್ತಿದ್ದರೆ, ಬುಡದ ಸುತ್ತ ಸಣ್ಣ ಗುಳ್ಳೆ ಏಳುತ್ತಿದ್ದರೆ ಅದೇ ಎಚ್ಚರಿಕೆ. ಬೇಗ ಸಡಿಲ ಮಾಡಿದರೆ ಕೂದಲು ವಾಪಸ್ ಬರುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಬುಡ ಸತ್ತು, ಬರುವುದಿಲ್ಲ.

ಬೈತಲೆ ಮಾತ್ರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ, ಗಂಡಸರಿಗೆ ಹಣೆ ಮೂಲೆ ಹಿಂದೆ ಸರಿಯುತ್ತಿದ್ದರೆ ಅದು ವಂಶದ ಬಳುವಳಿ, ಹಾರ್ಮೋನಿನ ಕೆಲಸ. ಬಾಚಿದರೂ ಬಿಟ್ಟರೂ ನಿಲ್ಲದು. ಔಷಧಿ ಇದೆ, ಬೇಗ ಶುರುಮಾಡಿದರೆ ಲಾಭ ಜಾಸ್ತಿ. ನಾಣ್ಯದ ಹಾಗೆ ದುಂಡಗೆ ಬೋಳಾದರೆ, ಮಕ್ಕಳ ತಲೆಯಲ್ಲಿ ಹೊಪ್ಪಳೆ ಎದ್ದು ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕೆ ಉಳಿದಿದ್ದರೆ, ಕೆಂಪಗಾಗಿ ಕೀವು ಬಂದರೆ, ಮನೆಯಲ್ಲಿ ಪ್ರಯೋಗ ಬೇಡ. ಅದೇ ವಾರ ಚರ್ಮದ ಡಾಕ್ಟರ ಹತ್ತಿರ ಹೋಗಿ. ಮಗುವಿನ ಹಣಿಗೆ, ಟವೆಲ್ ಬೇರೆ ಇಡಿ.

ಹಾಗಾದರೆ ಎಷ್ಟು ಸಲ?

ಸಿಕ್ಕು ಬಿಡಿಸಿ, ಬೇಕಾದ ಹಾಗೆ ಕೂರಿಸಲು ಎಷ್ಟು ಬೇಕೋ ಅಷ್ಟು. ಉದ್ದ ಕೂದಲಿಗೆ ಬೆಳಿಗ್ಗೆ ಒಮ್ಮೆ, ರಾತ್ರಿ ಸಡಿಲ ಜಡೆ ಹಾಕುವ ಮುಂಚೆ ಒಮ್ಮೆ. ನೂರು ಸಲದ ಸಲಹೆ ಎಲ್ಲಿಂದಲೋ ಬಂದು ನಮ್ಮ ಮನೆಗಳಲ್ಲೂ ಕೂತುಬಿಟ್ಟಿದೆ. ದಿನಾ ತಲೆ ತೊಳೆಯದ ಕಾಲದಲ್ಲಿ ಧೂಳು ತೆಗೆಯಲು, ನೆತ್ತಿಯ ಜಿಡ್ಡನ್ನು ತುದಿಯವರೆಗೆ ಇಳಿಸಲು ಅದರಿಂದ ಸ್ವಲ್ಪ ಉಪಯೋಗ ಇದ್ದಿರಬಹುದು. ಈಗ ಬರೀ ಸವೆತ. ನಾನು ಉಂಡೆಯ ಪ್ರಸಂಗ ಆದಮೇಲೆ ಯಾರದೋ ಮಾತು ಕೇಳಿ ಮೂರು ವಾರ ನೂರರ ಲೆಕ್ಕ ಹಿಡಿದೆ. ಬುಡದಿಂದ ಉದುರುವುದು ಒಂದಿಷ್ಟೂ ಕಮ್ಮಿಯಾಗಲಿಲ್ಲ. ಪೊಟ್ಟಣದಲ್ಲಿ ತುಂಡುಗಳು ಮಾತ್ರ ಜಾಸ್ತಿಯಾದವು. ನೆತ್ತಿಗೆ ಹಿತ ಬೇಕಿದ್ದರೆ ಬೆರಳ ತುದಿಯಲ್ಲಿ ಒತ್ತಿ, ಹಲ್ಲಿನಲ್ಲಿ ಕೆರೆಯಬೇಡಿ.

ರಿಪೇರಿ ಆಯಿತಾ ಅಂತ ನೋಡುವುದು

ತುಂಡಾಗುವುದು ನಿಂತದ್ದು ಎರಡು ಮೂರು ವಾರದಲ್ಲೇ ಪೊಟ್ಟಣದಲ್ಲಿ ಗೊತ್ತಾಗುತ್ತದೆ. ಬುಡದ ತೊಂದರೆಗೆ ತಿಂಗಳುಗಳು ಬೇಕು. ಆಗ ಬೈತಲೆಯ ಎರಡೂ ಪಕ್ಕ ಗಿಡ್ಡ ಕೂದಲು ಎದ್ದು ನಿಲ್ಲುತ್ತವೆ. ಎಷ್ಟು ಎಣ್ಣೆ ಸವರಿದರೂ ಮಲಗುವುದಿಲ್ಲ. ಇವು ಹೊಸದಾಗಿ ಹುಟ್ಟಿದವಾ, ಮುರಿದು ಉಳಿದ ಮೋಟುಗಳಾ? ಕನ್ನಡಿ ಮುಂದೆ ಹಿಂದುಗಡೆ ಬಿಳಿ ಕಾಗದ ಹಿಡಿದು ತುದಿ ನೋಡಿ. ಹೊಸದರ ತುದಿ ಭತ್ತದ ಸಸಿಯ ಹಾಗೆ ಸಣ್ಣಗೆ, ಚೂಪಾಗಿ ಮುಗಿಯುತ್ತದೆ. ಮುರಿದದ್ದರ ತುದಿ ಮೊಂಡು, ಇಲ್ಲ ಸೀಳಿರುತ್ತದೆ. ಡೆಂಗ್ಯೂ ಬಂದು ಎಂಟು ತಿಂಗಳಿಗೆ ನಾನು ನೋಡಿದಾಗ ನನ್ನ ಬೈತಲೆ ಪಕ್ಕದಲ್ಲಿ ಎರಡೂ ಇದ್ದವು. ಚೂಪಿನವು ಜಾಸ್ತಿ.